ಕಾರ್ಲ್ ಲಿನ್ನೇಯಸ್ (1707–1778): ಜೀವಿಗಳಿಗೆ ಹೆಸರಿನ ವ್ಯವಸ್ಥೆ ನೀಡಿದ ವಿಜ್ಞಾನಿ

ಪೀಠಿಕೆ

ಕರ್ನಾಟಕದ ರಾಜ್ಯ ವೃಕ್ಷ ಶ್ರೀಗಂಧ, ರಾಜ್ಯ ಪ್ರಾಣಿ ಆನೆ, ರಾಜ್ಯ ಪಕ್ಷಿ ನೀಲಕಂಠ ಮತ್ತು ರಾಜ್ಯ ಪುಷ್ಪ ಕಮಲ. ಈ ನಾಲ್ಕಕ್ಕೂ ಮೊದಲ ವೈಜ್ಞಾನಿಕ ಹೆಸರನ್ನು ನೀಡಿದವರು ಒಬ್ಬರೇ ವ್ಯಕ್ತಿ. ಅವರು 18ನೆಯ ಶತಮಾನದಲ್ಲಿ ಸ್ವೀಡನ್ ದೇಶದಲ್ಲಿ ಬಾಳಿದ ಕಾರ್ಲ್ ಲಿನ್ನೇಯಸ್. ಭಾರತಕ್ಕೆ ಒಮ್ಮೆಯೂ ಬಾರದ ಈ ವಿಜ್ಞಾನಿಯು ರೂಪಿಸಿದ ಪದ್ಧತಿಯನ್ನು ಇಂದಿಗೂ ವನ್ಯಜೀವಿ ಕಾನೂನಿನ ಅನುಸೂಚಿಗಳಲ್ಲಿ, ಸಸ್ಯಗಳ ಪಟ್ಟಿಗಳಲ್ಲಿ ಮತ್ತು ಜನತಾ ಜೀವವೈವಿಧ್ಯ ದಾಖಲಾತಿಗಳಲ್ಲಿ ಅನುಸರಿಸಲಾಗುತ್ತಿದೆ. ಸಸ್ಯದ ವೈಜ್ಞಾನಿಕ ಹೆಸರಿನ ಕೊನೆಯಲ್ಲಿ ಅನೇಕ ಬಾರಿ ಕಾಣುವ ಎಲ್ ಎಂಬ ಒಂಟಿ ರೋಮನ್ ಅಕ್ಷರವು ಇವರ ಹೆಸರಿನ ಸಂಕ್ಷಿಪ್ತ ರೂಪವಾಗಿದೆ.

ಒಂದು ಗಿಡಕ್ಕೆ ಊರಿಗೊಂದು ಹೆಸರಿರುವುದು ಸಾಮಾನ್ಯ. ಹಾಗೆಯೇ ಒಂದೇ ಹೆಸರು ಎರಡು ಬೇರೆ ಮರಗಳಿಗೆ ಬಳಕೆಯಲ್ಲಿರುವುದೂ ಉಂಟು. ಕರಾವಳಿಯಲ್ಲಿ ಹೊನ್ನೆ ಎಂದರೆ ದೀಪದ ಎಣ್ಣೆಗೆ ಬೀಜ ಕೊಡುವ ಮರ. ಇದರ ವೈಜ್ಞಾನಿಕ ಹೆಸರು ಕ್ಯಾಲೊಫಿಲಮ್ ಇನೊಫಿಲಮ್. ಮಲೆನಾಡಿನಲ್ಲಿ ಹೊನ್ನೆ ಎಂದರೆ ಬೆಲೆಬಾಳುವ ನಾಟಾ ಕೊಡುವ ಬೇರೆಯೇ ಮರ. ಇದರ ಹೆಸರು ಟೆರೊಕಾರ್ಪಸ್ ಮಾರ್ಸುಪಿಯಮ್. ಔಷಧಿಯಲ್ಲಾಗಲಿ, ನಾಟಾ ವ್ಯವಹಾರದಲ್ಲಾಗಲಿ, ಅರ್ಜಿಯಲ್ಲಾಗಲಿ ಇವೆರಡನ್ನು ಒಂದೆಂದು ಭಾವಿಸಿದಲ್ಲಿ ತೊಂದರೆ ತಪ್ಪಿದ್ದಲ್ಲ. ಇಂತಹ ಗೊಂದಲವನ್ನು ನಿವಾರಿಸಲು ಜೀವಮಾನವನ್ನೇ ಮುಡಿಪಾಗಿಟ್ಟ ವಿಜ್ಞಾನಿಯ ಜೀವನ ಹಾಗೂ ಸಾಧನೆಗಳನ್ನು ನಾಗರಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಕಾರ್ಲ್ ಲಿನ್ನೇಯಸ್ ಅವರು 1707ರ ಮೇ 23ರಂದು ದಕ್ಷಿಣ ಸ್ವೀಡನ್ನಿನ ಸ್ಮೋಲಂಡ್ ಪ್ರಾಂತ್ಯದ ರೋಶುಲ್ಟ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ನಿಲ್ಸ್ ಅವರು ಚರ್ಚಿನ ಪಾದ್ರಿಗಳು. ತಾಯಿ ಕ್ರಿಸ್ಟಿನಾ ಅವರೂ ಪಾದ್ರಿಯ ಮನೆತನದಿಂದ ಬಂದವರು. ಆ ಕಾಲದ ಸ್ವೀಡನ್ನಿನ ಹಳ್ಳಿಗರಲ್ಲಿ ಸ್ಥಿರವಾದ ಮನೆತನದ ಹೆಸರು ಇಡುವ ರೂಢಿ ಇರಲಿಲ್ಲ. ವಿಶ್ವವಿದ್ಯಾಲಯಕ್ಕೆ ಸೇರುವಾಗ ಹೆಸರೊಂದು ಬೇಕಾದ ಕಾರಣ, ನಿಲ್ಸ್ ಅವರು ತಮ್ಮ ಪೂರ್ವಜರ ಜಮೀನಿನಲ್ಲಿದ್ದ ಹಿರಿದಾದ ಲಿಂಡೆನ್ ಮರದ ನೆನಪಿನಲ್ಲಿ ಲಿನ್ನೇಯಸ್ ಎಂಬ ಹೆಸರನ್ನು ಆರಿಸಿಕೊಂಡರು. ಮುಂದೆ ಸಾವಿರಾರು ಮರಗಿಡಗಳಿಗೆ ಹೆಸರಿಟ್ಟ ಮಗನ ಹೆಸರೇ ಒಂದು ಮರದಿಂದ ಬಂದುದಾಗಿತ್ತು.

ತಂದೆಗೆ ತೋಟಗಾರಿಕೆಯಲ್ಲಿ ಅಪಾರ ಆಸಕ್ತಿ ಇತ್ತು. ಸ್ಟೆನ್‌ಬ್ರೂಹುಲ್ಟ್ ಎಂಬಲ್ಲಿನ ಚರ್ಚಿನ ನಿವಾಸಕ್ಕೆ ಹೊಂದಿಕೊಂಡ ತೋಟದಲ್ಲಿ ಬಾಲಕ ಕಾರ್ಲ್ ಗಿಡಗಳ ಹೆಸರುಗಳನ್ನು ಕಲಿತರು. ಮಗನೂ ತಮ್ಮಂತೆಯೇ ಪಾದ್ರಿಯಾಗಬೇಕೆಂಬುದು ತಂದೆತಾಯಿಯರ ಆಸೆಯಾಗಿತ್ತು. ಆದರೆ ವೆಕ್ಷೋ ಪಟ್ಟಣದ ಶಾಲೆಯಲ್ಲಿ ಪಾದ್ರಿ ವೃತ್ತಿಗೆ ಬೇಕಾದ ವಿಷಯಗಳಲ್ಲಿ ಅವರ ಪ್ರಗತಿ ಸಾಧಾರಣವಾಗಿತ್ತು. ಈ ಹುಡುಗ ಉನ್ನತ ವಿದ್ಯಾಭ್ಯಾಸಕ್ಕೆ ತಕ್ಕವನಲ್ಲ, ಕೈಕಸುಬಿಗೆ ಸೇರಿಸುವುದು ಲೇಸು ಎಂದು ಉಪಾಧ್ಯಾಯರು ತಂದೆಗೆ ತಿಳಿಸಿದರು. ಆ ಸಂದರ್ಭದಲ್ಲಿ ಅದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ವೈದ್ಯ ಯೋಹಾನ್ ರೋಥ್‌ಮನ್ ಅವರು ಮಧ್ಯೆ ಪ್ರವೇಶಿಸಿ, ಹುಡುಗನನ್ನು ವೈದ್ಯಶಾಸ್ತ್ರಕ್ಕೆ ಕಳುಹಿಸುವಂತೆ ಸಲಹೆ ನೀಡಿದರು. ತಾವೇ ಸಸ್ಯಶಾಸ್ತ್ರ ಹಾಗೂ ಶರೀರಶಾಸ್ತ್ರವನ್ನು ಬೋಧಿಸಿದರು. ಆ ಕಾಲದ ಔಷಧಿಗಳಲ್ಲಿ ಬಹುಪಾಲು ಸಸ್ಯಗಳಿಂದ ತಯಾರಾಗುತ್ತಿದ್ದುದರಿಂದ ವೈದ್ಯರಾಗುವವರಿಗೆ ಸಸ್ಯಜ್ಞಾನವು ಅವಶ್ಯಕವಾಗಿತ್ತು.

ವಿದ್ಯಾಭ್ಯಾಸ ಮತ್ತು ಬಡತನ

1727ರಲ್ಲಿ ಲುಂಡ್ ವಿಶ್ವವಿದ್ಯಾಲಯಕ್ಕೆ ಸೇರಿದ ಲಿನ್ನೇಯಸ್ ಅವರು ಮರುವರ್ಷ ಉಪ್ಸಲಾ ವಿಶ್ವವಿದ್ಯಾಲಯಕ್ಕೆ ತೆರಳಿದರು. ಮನೆಯಿಂದ ತಂದ ಅಲ್ಪ ಹಣ ಬೇಗನೆ ಖರ್ಚಾಗಿ, ಸವೆದ ಪಾದರಕ್ಷೆಯೊಳಗೆ ಕಾಗದವಿಟ್ಟು ನಡೆಯುವಂತಹ ಸ್ಥಿತಿ ಒದಗಿತು. 1729ರಲ್ಲಿ ವಿಶ್ವವಿದ್ಯಾಲಯದ ತೋಟದಲ್ಲಿ ಗಿಡಗಳನ್ನು ಪರಿಶೀಲಿಸುತ್ತಿದ್ದ ಈ ಬಡ ವಿದ್ಯಾರ್ಥಿಯನ್ನು ಪ್ರಾಧ್ಯಾಪಕ ಓಲಾಫ್ ಸೆಲ್ಸಿಯಸ್ ಅವರು ಗುರುತಿಸಿ, ತಮ್ಮ ಮನೆಯಲ್ಲಿಯೇ ಊಟ ಮತ್ತು ವಸತಿಗೆ ಏರ್ಪಾಡು ಮಾಡಿದರು. ಸಸ್ಯಗಳಲ್ಲಿನ ಗಂಡು ಹೆಣ್ಣು ಭಾಗಗಳ ಕುರಿತು ಲಿನ್ನೇಯಸ್ ಬರೆದ ಪ್ರಬಂಧವು ಮೆಚ್ಚುಗೆ ಗಳಿಸಿದ ಫಲವಾಗಿ, 1730ರಲ್ಲಿ ತಾವಿನ್ನೂ ವಿದ್ಯಾರ್ಥಿಯಾಗಿರುವಾಗಲೇ ಅವರಿಗೆ ಸಸ್ಯಶಾಸ್ತ್ರದ ಉಪನ್ಯಾಸ ನೀಡುವ ಅವಕಾಶ ದೊರೆಯಿತು.

ಉಪ್ಸಲಾದಲ್ಲಿ ಪೀಟರ್ ಅರ್ಟೆಡಿ ಎಂಬ ಸಹಪಾಠಿಯ ಸ್ನೇಹ ಲಭಿಸಿತು. ಅರ್ಟೆಡಿ ಅವರು ಮೀನುಗಳ ಅಧ್ಯಯನದಲ್ಲಿ ನಿಪುಣರು. ಇಡೀ ಜೀವಲೋಕವನ್ನು ಕ್ರಮಬದ್ಧವಾಗಿ ವಿಂಗಡಿಸುವ ಕೆಲಸವನ್ನು ಈ ಇಬ್ಬರು ಯುವಕರು ತಮ್ಮೊಳಗೆ ಹಂಚಿಕೊಂಡರು. ಒಬ್ಬರು ಅಕಾಲದಲ್ಲಿ ತೀರಿಕೊಂಡರೆ ಉಳಿದವರು ಆ ಕೆಲಸವನ್ನು ಪೂರ್ಣಗೊಳಿಸಬೇಕೆಂದು ಪರಸ್ಪರ ವಚನ ನೀಡಿದರು. 1735ರ ಸೆಪ್ಟೆಂಬರ್ ತಿಂಗಳಲ್ಲಿ ಅರ್ಟೆಡಿ ಅವರು ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ರಾತ್ರಿ ವೇಳೆ ಕಾಲುವೆಗೆ ಬಿದ್ದು ಮೃತಪಟ್ಟರು. ಲಿನ್ನೇಯಸ್ ಅವರು ಗೆಳೆಯನ ಹಸ್ತಪ್ರತಿಗಳನ್ನು ಪಡೆದು, ಸಂಪಾದಿಸಿ, 1738ರಲ್ಲಿ ಗೆಳೆಯನ ಹೆಸರಿನಲ್ಲಿಯೇ ಪ್ರಕಟಿಸಿ ಕೊಟ್ಟ ಮಾತನ್ನು ಉಳಿಸಿಕೊಂಡರು.

ಲ್ಯಾಪ್‌ಲ್ಯಾಂಡ್ ಪ್ರವಾಸ

1732ರ ಮೇ ತಿಂಗಳಿನಲ್ಲಿ, 25ನೆಯ ವಯಸ್ಸಿನಲ್ಲಿ, ಉಪ್ಸಲಾದ ವಿಜ್ಞಾನ ಸಂಸ್ಥೆಯ ಧನಸಹಾಯದಿಂದ ಅವರು ಉತ್ತರದ ಶೀತಪ್ರದೇಶವಾದ ಲ್ಯಾಪ್‌ಲ್ಯಾಂಡಿಗೆ ಏಕಾಂಗಿಯಾಗಿ ಹೊರಟರು. ಸುಮಾರು ಐದು ತಿಂಗಳ ಕಾಲ ಕುದುರೆಯ ಮೇಲೆ, ದೋಣಿಯಲ್ಲಿ ಹಾಗೂ ಕಾಲ್ನಡಿಗೆಯಲ್ಲಿ ಸಂಚರಿಸಿ ಸಸ್ಯಗಳು, ಕೀಟಗಳು, ಖನಿಜಗಳನ್ನು ಸಂಗ್ರಹಿಸಿದರು. ಹಿಮಸಾರಂಗ ಸಾಕುವ ಸಾಮಿ ಜನರ ಆಹಾರ, ಔಷಧಿ ಮತ್ತು ಜೀವನಕ್ರಮವನ್ನೂ ದಾಖಲಿಸಿದರು. ಈ ಪ್ರವಾಸದ ಫಲವಾಗಿ 1737ರಲ್ಲಿ ಪ್ರಕಟವಾದ ಫ್ಲೋರಾ ಲ್ಯಾಪೋನಿಕಾ ಗ್ರಂಥವು 500ಕ್ಕೂ ಹೆಚ್ಚು ಸಸ್ಯಗಳ ವಿವರ ಒಳಗೊಂಡಿದೆ. ಉತ್ತರದ ಕಾಡುಗಳ ನೆಲದಲ್ಲಿ ಹಬ್ಬಿ ಬೆಳೆಯುವ ಜೋಡಿ ಹೂವಿನ ಪುಟ್ಟ ಸಸ್ಯವೊಂದು ಅವರಿಗೆ ಬಹಳ ಪ್ರಿಯವಾಗಿತ್ತು. ಅದಕ್ಕೆ ಲಿನ್ನೇಯ ಬೋರಿಯಾಲಿಸ್ ಎಂಬ ಹೆಸರು ಇಂದಿಗೂ ಇದೆ.

ಹಾಲೆಂಡಿನಲ್ಲಿ ಕಳೆದ ವರ್ಷಗಳು

ವೈದ್ಯ ಪದವಿ ಪಡೆಯುವ ಸಲುವಾಗಿ 1735ರಲ್ಲಿ ಅವರು ಹಾಲೆಂಡಿಗೆ ಪ್ರಯಾಣ ಬೆಳೆಸಿದರು. ಮಾರ್ಗಮಧ್ಯೆ ಹ್ಯಾಂಬರ್ಗ್ ನಗರದಲ್ಲಿ ಏಳು ಹೆಡೆಯ ವಿಚಿತ್ರ ಪ್ರಾಣಿಯೊಂದರ ದೇಹವನ್ನು ಬಹು ಬೆಲೆಗೆ ಮಾರಾಟಕ್ಕೆ ಇಡಲಾಗಿತ್ತು. ಲಿನ್ನೇಯಸ್ ಅವರು ಅದರ ದವಡೆ ಹಾಗೂ ಕಾಲುಗಳನ್ನು ಪರೀಕ್ಷಿಸಿ, ಮುಂಗುಸಿಯನ್ನು ಹೋಲುವ ವೀಸಲ್ ಎಂಬ ಪ್ರಾಣಿಯ ಅಂಗಗಳಿಗೆ ಹಾವಿನ ಚರ್ಮ ಹೊದಿಸಿ ಅದನ್ನು ತಯಾರಿಸಲಾಗಿದೆ ಎಂದು ಬಹಿರಂಗಪಡಿಸಿದರು. ಇದರಿಂದ ಮಾಲೀಕರ ಕೋಪಕ್ಕೆ ಗುರಿಯಾಗಿ ಅವರು ಆ ಊರನ್ನು ತ್ವರಿತವಾಗಿ ತೊರೆಯಬೇಕಾಯಿತು.

ಹಾರ್ಡರ್‌ವೈಕ್ ವಿಶ್ವವಿದ್ಯಾಲಯದಲ್ಲಿ ಚಳಿಜ್ವರದ ಕಾರಣದ ಬಗ್ಗೆ ಪ್ರಬಂಧ ಮಂಡಿಸಿ ವೈದ್ಯ ಪದವಿ ಪಡೆದರು. ಅದೇ ವರ್ಷ ಲೇಡನ್ ನಗರದಲ್ಲಿ ಅವರ ಸಿಸ್ಟೆಮಾ ನ್ಯಾಚುರೇ ಗ್ರಂಥದ ಮೊದಲ ಆವೃತ್ತಿ ಮುದ್ರಣಗೊಂಡಿತು. ದೊಡ್ಡ ಅಳತೆಯ ಕೆಲವೇ ಹಾಳೆಗಳಿದ್ದ ಈ ಕೃತಿಯಲ್ಲಿ ಖನಿಜ, ಸಸ್ಯ ಮತ್ತು ಪ್ರಾಣಿ ಎಂಬ ಮೂರು ಸಾಮ್ರಾಜ್ಯಗಳನ್ನು ಕೋಷ್ಟಕಗಳ ರೂಪದಲ್ಲಿ ವಿಂಗಡಿಸಲಾಗಿತ್ತು. ಬಳಿಕ ಶ್ರೀಮಂತ ವರ್ತಕ ಜಾರ್ಜ್ ಕ್ಲಿಫರ್ಡ್ ಅವರ ತೋಟದ ಮೇಲ್ವಿಚಾರಕರಾಗಿ ಕೆಲಸ ಮಾಡಿದರು. ನಮ್ಮಲ್ಲಿ ಹಿತ್ತಿಲ ಗಿಡವಾಗಿರುವ ಬಾಳೆಯು ಆಗ ಯುರೋಪಿನಲ್ಲಿ ಅಪರೂಪವಾಗಿತ್ತು. ಆ ತೋಟದ ಗಾಜಿನ ಮನೆಯಲ್ಲಿ 1736ರಲ್ಲಿ ಬಾಳೆ ಹೂ ಬಿಡುವಂತೆ ಮಾಡಿದ ಲಿನ್ನೇಯಸ್ ಅವರು ಅದರ ಬಗ್ಗೆಯೇ ಒಂದು ಪುಸ್ತಕ ಬರೆದರು.

ಸ್ವದೇಶಕ್ಕೆ ವಾಪಸಾತಿ

1738ರಲ್ಲಿ ಸ್ವೀಡನ್ನಿಗೆ ಮರಳಿದ ಅವರು ಸ್ಟಾಕ್‌ಹೋಮ್ ನಗರದಲ್ಲಿ ವೈದ್ಯವೃತ್ತಿ ಆರಂಭಿಸಿದರು. 1739ರಲ್ಲಿ ಸ್ವೀಡನ್ನಿನ ರಾಯಲ್ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದವರಲ್ಲಿ ಒಬ್ಬರಾಗಿ ಅದರ ಮೊದಲ ಅಧ್ಯಕ್ಷರಾದರು. ಅದೇ ವರ್ಷ ಸಾರಾ ಎಲಿಸಬೆತ್ ಅವರೊಂದಿಗೆ ವಿವಾಹವಾಯಿತು. 1741ರಲ್ಲಿ ಉಪ್ಸಲಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಪಾಳುಬಿದ್ದಿದ್ದ ಅಲ್ಲಿನ ಸಸ್ಯೋದ್ಯಾನವನ್ನು ಪುನರುಜ್ಜೀವನಗೊಳಿಸಿದರು. ಬೇಸಿಗೆಯಲ್ಲಿ ವಿದ್ಯಾರ್ಥಿಗಳ ದೊಡ್ಡ ಗುಂಪನ್ನು ಊರ ಹೊರಗಿನ ಹೊಲ ಕಾಡುಗಳಿಗೆ ಕರೆದೊಯ್ದು ಪಾಠ ಮಾಡುತ್ತಿದ್ದರು.

ದ್ವಿನಾಮ ನಾಮಕರಣ ಪದ್ಧತಿ

ಲಿನ್ನೇಯಸ್ ಅವರಿಗಿಂತ ಮುಂಚೆ ಸಸ್ಯದ ವೈಜ್ಞಾನಿಕ ಹೆಸರು ಲ್ಯಾಟಿನ್ ಭಾಷೆಯ ಉದ್ದನೆಯ ವಿವರಣೆಯಾಗಿರುತ್ತಿತ್ತು. ಉದಾಹರಣೆಗೆ, ಟೊಮೇಟೊ ಗಿಡವನ್ನು ಹೆಸರಿಸಲು ಅದರ ಕಾಂಡಕ್ಕೆ ಮುಳ್ಳಿಲ್ಲ, ಕಾಂಡ ಮೃದು, ಎಲೆ ಗರಿಯಂತೆ ಸೀಳಿದೆ, ಹೂಗೊಂಚಲು ಸರಳ ಎಂಬ ವಿವರಗಳನ್ನೆಲ್ಲಾ ಹೇಳಬೇಕಾಗಿತ್ತು. ಹೊಸ ಸಸ್ಯ ಪತ್ತೆಯಾದಾಗ ಅದರಿಂದ ಪ್ರತ್ಯೇಕಿಸಿ ತೋರಿಸಲು ಹಳೆಯ ಹೆಸರುಗಳಿಗೆ ಇನ್ನಷ್ಟು ಪದಗಳನ್ನು ಸೇರಿಸಬೇಕಾಗುತ್ತಿತ್ತು. ಸ್ವಿಟ್ಜರ್‌ಲೆಂಡಿನ ಕಾಸ್ಪರ್ ಬೌಹಿನ್ ಅವರು 1623ರಲ್ಲಿಯೇ ಹಲವು ಸಸ್ಯಗಳಿಗೆ ಎರಡು ಪದಗಳ ಹೆಸರನ್ನು ಬಳಸಿದ್ದರೂ ಅದು ಎಲ್ಲೆಡೆ ಅನ್ವಯವಾಗುವ ನಿಯಮವಾಗಿರಲಿಲ್ಲ.

1753ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾದ ಸ್ಪೀಶೀಸ್ ಪ್ಲಾಂಟಾರಮ್ ಗ್ರಂಥದಲ್ಲಿ ಲಿನ್ನೇಯಸ್ ಅವರು ಆಗ ತಿಳಿದಿದ್ದ ಸುಮಾರು 5,900 ಸಸ್ಯ ಪ್ರಭೇದಗಳಿಗೆ ಎರಡು ಪದಗಳ ಹೆಸರನ್ನು ಏಕರೂಪವಾಗಿ ನೀಡಿದರು. ಮೊದಲ ಪದವು ಜಾತಿಯನ್ನೂ ಎರಡನೆಯ ಪದವು ಪ್ರಭೇದವನ್ನೂ ಸೂಚಿಸುತ್ತದೆ. 1758ರಲ್ಲಿ ಸಿಸ್ಟೆಮಾ ನ್ಯಾಚುರೇ ಗ್ರಂಥದ 10ನೆಯ ಆವೃತ್ತಿಯಲ್ಲಿ 4,000ಕ್ಕೂ ಹೆಚ್ಚು ಪ್ರಾಣಿಗಳಿಗೆ ಇದೇ ಕ್ರಮವನ್ನು ವಿಸ್ತರಿಸಿದರು. ಈ ಎರಡು ಗ್ರಂಥಗಳನ್ನು ಸಸ್ಯ ಹಾಗೂ ಪ್ರಾಣಿಗಳ ನಾಮಕರಣದ ಅಧಿಕೃತ ಆರಂಭವೆಂದು ಅಂತರರಾಷ್ಟ್ರೀಯ ನಿಯಮಾವಳಿಗಳು ಅಂಗೀಕರಿಸಿವೆ.

ಹೆಸರಿನೊಂದಿಗೆ ಶ್ರೇಣಿಯ ವ್ಯವಸ್ಥೆಯನ್ನೂ ಅವರು ಬಲಪಡಿಸಿದರು. ಪ್ರಭೇದಗಳನ್ನು ಜಾತಿಯಲ್ಲಿ, ಜಾತಿಗಳನ್ನು ಗಣದಲ್ಲಿ, ಗಣಗಳನ್ನು ವರ್ಗದಲ್ಲಿ, ವರ್ಗಗಳನ್ನು ಸಾಮ್ರಾಜ್ಯದಲ್ಲಿ ಸೇರಿಸಲಾಗುತ್ತದೆ. ಒಂದು ಮನೆಯ ವಿಳಾಸದಲ್ಲಿ ಗ್ರಾಮ, ಹೋಬಳಿ, ತಾಲ್ಲೂಕು, ಜಿಲ್ಲೆ ಮತ್ತು ರಾಜ್ಯ ಇರುವಂತೆ ಇದನ್ನು ಅರ್ಥೈಸಿಕೊಳ್ಳಬಹುದು. ಕುಟುಂಬ ಮತ್ತು ವಂಶ ಎಂಬ ಶ್ರೇಣಿಗಳು ನಂತರದ ವಿಜ್ಞಾನಿಗಳಿಂದ ಸೇರ್ಪಡೆಯಾದವು.

ಭಾರತದ ಸಸ್ಯಗಳು ಮತ್ತು ಲಿನ್ನೇಯಸ್

ಭಾರತವನ್ನು ನೋಡದಿದ್ದ ಲಿನ್ನೇಯಸ್ ಅವರಿಗೆ ಇಲ್ಲಿನ ಸಸ್ಯಗಳ ಮಾಹಿತಿ ದೊರೆತ ಪ್ರಮುಖ ಆಕರಗಳಲ್ಲಿ ಹಾರ್ಟಸ್ ಮಲಬಾರಿಕಸ್ ಒಂದಾಗಿದೆ. ಡಚ್ಚರ ಮಲಬಾರ್ ಆಡಳಿತಾಧಿಕಾರಿ ಹೆಂಡ್ರಿಕ್ ವ್ಯಾನ್ ರೀಡೆ ಅವರ ಉಸ್ತುವಾರಿಯಲ್ಲಿ ಸಿದ್ಧವಾದ ಈ ಕೃತಿಯು 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಪ್ರಕಟವಾಯಿತು. ಇದರ ಜ್ಞಾನಮೂಲವು ಪಶ್ಚಿಮ ಕರಾವಳಿಯ ನಾಟಿವೈದ್ಯರದಾಗಿತ್ತು. ಮಲಬಾರಿನ ವೈದ್ಯ ಇಟ್ಟಿ ಅಚ್ಯುತನ್ ಹಾಗೂ ಕೊಂಕಣಿ ಭಾಷಿಕ ವೈದ್ಯರಾದ ರಂಗ ಭಟ್ಟ, ವಿನಾಯಕ ಪಂಡಿತ ಮತ್ತು ಅಪ್ಪು ಭಟ್ಟ ಅವರು ಗಿಡಗಳನ್ನು ಗುರುತಿಸಿ, ಅವುಗಳ ಹೆಸರು ಹಾಗೂ ಉಪಯೋಗಗಳನ್ನು ತಿಳಿಸಿಕೊಟ್ಟವರು. ಲಿನ್ನೇಯಸ್ ಅವರು ನೀಡಿದ ಅನೇಕ ಭಾರತೀಯ ಸಸ್ಯಗಳ ಹೆಸರಿನ ಹಿಂದೆ ಈ ವೈದ್ಯರ ಅನುಭವವಿದೆ ಎಂಬುದನ್ನು ಮರೆಯಲಾಗದು.

ಮಾವು, ಹುಣಸೆ, ಆಲ, ಅರಳಿ, ತೆಂಗು, ಅಡಿಕೆ, ಕಾಳುಮೆಣಸು ಮತ್ತು ಭತ್ತ ಇವೆಲ್ಲವೂ 1753ರ ಗ್ರಂಥದಲ್ಲಿ ಹೆಸರು ಪಡೆದ ಸಸ್ಯಗಳಾಗಿವೆ. ಲಿನ್ನೇಯಸ್ ಅವರ ಶಿಷ್ಯ ಯೋಹಾನ್ ಕೋನಿಗ್ ಅವರು 1768ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ವೈದ್ಯರಾಗಿ ಬಂದು ದಕ್ಷಿಣ ಭಾರತದ ಸಸ್ಯಗಳನ್ನು ಸಂಗ್ರಹಿಸಿ ಗುರುಗಳಿಗೆ ಕಳುಹಿಸಿದರು. ಪ್ರತಿದಿನದ ಒಗ್ಗರಣೆಯಲ್ಲಿ ಬಳಸುವ ಕರಿಬೇವಿಗೆ 1771ರಲ್ಲಿ ಲಿನ್ನೇಯಸ್ ನೀಡಿದ ಹೆಸರಿನ ಎರಡನೆಯ ಪದವಾದ ಕೋನಿಗಿಯೈ ಈ ಶಿಷ್ಯರ ಸ್ಮರಣಾರ್ಥವಾಗಿದೆ.

ಶಿಷ್ಯರ ತ್ಯಾಗ

ಲಿನ್ನೇಯಸ್ ಅವರು ತಮ್ಮ ಶಿಷ್ಯರನ್ನು ಜಗತ್ತಿನ ಹಲವು ಭಾಗಗಳಿಗೆ ಮಾದರಿಗಳ ಸಂಗ್ರಹಕ್ಕಾಗಿ ಕಳುಹಿಸಿದರು. ಪೆಹ್ರ್ ಕಾಲ್ಮ್ ಅವರು ಉತ್ತರ ಅಮೆರಿಕಕ್ಕೂ, ಕಾರ್ಲ್ ಪೀಟರ್ ಥುನ್‌ಬರ್ಗ್ ಅವರು ಜಪಾನಿಗೂ ಹೋಗಿ ಯಶಸ್ವಿಯಾಗಿ ಮರಳಿದರು. ಆದರೆ ಎಲ್ಲರೂ ಮರಳಲಿಲ್ಲ. ಕ್ರಿಸ್ಟೊಫರ್ ಟಾರ್ನ್‌ಸ್ಟ್ರಾಮ್ ಅವರು 1746ರಲ್ಲಿ ಚೀನಾದ ಮಾರ್ಗದಲ್ಲಿ, ಫ್ರೆಡ್ರಿಕ್ ಹ್ಯಾಸೆಲ್‌ಕ್ವಿಸ್ಟ್ ಅವರು 1752ರಲ್ಲಿ ಸ್ಮಿರ್ನಾದಲ್ಲಿ, ಪೆಹ್ರ್ ಲೋಫ್ಲಿಂಗ್ ಅವರು 1756ರಲ್ಲಿ ವೆನೆಜುವೆಲಾದಲ್ಲಿ, ಪೀಟರ್ ಫೋರ್ಸ್ಕಾಲ್ ಅವರು 1763ರಲ್ಲಿ ಯೆಮನ್‌ನಲ್ಲಿ ನಿಧನರಾದರು. ಟಾರ್ನ್‌ಸ್ಟ್ರಾಮ್ ಅವರ ಪತ್ನಿ ತಮ್ಮ ಮಕ್ಕಳು ತಂದೆಯಿಲ್ಲದವರಾದುದಕ್ಕೆ ಲಿನ್ನೇಯಸ್ ಅವರನ್ನೇ ಹೊಣೆಯಾಗಿಸಿದರು. ಅನಂತರ ಅವರು ದೂರದ ಪ್ರವಾಸಗಳಿಗೆ ಅವಿವಾಹಿತರನ್ನು ಮಾತ್ರ ಆಯ್ಕೆ ಮಾಡುತ್ತಿದ್ದರು. ಇಂದು ಪುಸ್ತಕದ ಪುಟದಲ್ಲಿ ಎರಡು ಪದಗಳಾಗಿ ಕಾಣುವ ಅನೇಕ ಹೆಸರುಗಳ ಹಿಂದೆ ಇಂತಹ ಯುವಕರ ಪ್ರಾಣಗಳಿವೆ.

ಮಿತಿಗಳು ಮತ್ತು ತಿದ್ದುಪಡಿಗಳು

ಹೂವಿನ ಕೇಸರಗಳ ಸಂಖ್ಯೆ ಮತ್ತು ಜೋಡಣೆಯ ಆಧಾರದ ಮೇಲೆ ಲಿನ್ನೇಯಸ್ ಅವರು ಸಸ್ಯಗಳನ್ನು 24 ವರ್ಗಗಳಾಗಿ ವಿಂಗಡಿಸಿದ್ದರು. ಇದು ಗಿಡವನ್ನು ಗುರುತಿಸಲು ಸುಲಭವಾಗಿದ್ದರೂ ಸಂಬಂಧವಿಲ್ಲದ ಸಸ್ಯಗಳನ್ನು ಒಂದೆಡೆ ಸೇರಿಸುತ್ತಿತ್ತು. ಆದ್ದರಿಂದ ಈ ಭಾಗವು ಕಾಲಕ್ರಮೇಣ ಬಳಕೆ ತಪ್ಪಿತು. ಪ್ರಭೇದಗಳು ಸೃಷ್ಟಿಯಾದಾಗಿನಿಂದ ಬದಲಾಗದೆ ಉಳಿದಿವೆ ಎಂದು ಅವರು ಮೊದಲು ನಂಬಿದ್ದರು. ಮಿಶ್ರತಳಿಗಳನ್ನು ಕಂಡ ಮೇಲೆ ಈ ನಂಬಿಕೆ ಸಡಿಲವಾಯಿತು. 1859ರಲ್ಲಿ ಚಾರ್ಲ್ಸ್ ಡಾರ್ವಿನ್ ಅವರ ಗ್ರಂಥ ಪ್ರಕಟವಾದ ನಂತರ ವರ್ಗೀಕರಣವು ಜೀವಿಗಳ ವಂಶಾವಳಿಯನ್ನು ತಿಳಿಯುವ ಶಾಸ್ತ್ರವಾಗಿ ಬೆಳೆಯಿತು.

ಮನುಷ್ಯನನ್ನು ವಾನರಗಳ ಜೊತೆ ಒಂದೇ ಗಣದಲ್ಲಿ ಇರಿಸಿದ್ದು ಅವರ ಧೈರ್ಯದ ನಿರ್ಧಾರವಾಗಿತ್ತು. ಆದರೆ ಮನುಷ್ಯರನ್ನು ಖಂಡ ಮತ್ತು ಬಣ್ಣಕ್ಕೆ ಅನುಗುಣವಾಗಿ ನಾಲ್ಕು ವಿಧಗಳಾಗಿ ವಿಂಗಡಿಸಿ, 1758ರ ಆವೃತ್ತಿಯಲ್ಲಿ ಪ್ರತಿಯೊಂದಕ್ಕೂ ಗುಣಸ್ವಭಾವಗಳನ್ನು ಆರೋಪಿಸಿದುದು ಗಂಭೀರ ದೋಷವಾಗಿದೆ. ಇದಕ್ಕೆ ಯಾವುದೇ ವೈಜ್ಞಾನಿಕ ಆಧಾರವಿರಲಿಲ್ಲ. ಮುಂದಿನ ಕಾಲದಲ್ಲಿ ಜನಾಂಗಭೇದವನ್ನು ಸಮರ್ಥಿಸಲು ಇಂತಹ ವಿಂಗಡಣೆಗಳು ದುರ್ಬಳಕೆಯಾದವು.

ಕರ್ನಾಟಕದ ರಾಜ್ಯ ಲಾಂಛನ ಜೀವಿಗಳ ಹೆಸರುಗಳೇ ವರ್ಗೀಕರಣದ ಬೆಳವಣಿಗೆಯನ್ನು ತೋರಿಸುತ್ತವೆ:

• ಶ್ರೀಗಂಧ: 1753ರಲ್ಲಿ ನೀಡಿದ ಸ್ಯಾಂಟಲಮ್ ಆಲ್ಬಮ್ ಎಂಬ ಹೆಸರು ಬದಲಾವಣೆಯಿಲ್ಲದೆ ಉಳಿದಿದೆ.

• ನೀಲಕಂಠ: 1758ರಲ್ಲಿ ಇದನ್ನು ಕಾಗೆಗಳ ಜಾತಿಯಾದ ಕಾರ್ವಸ್‌ನಲ್ಲಿ ಸೇರಿಸಲಾಗಿತ್ತು. ಈಗ ಇದರ ಹೆಸರು ಕೊರಾಸಿಯಾಸ್ ಬೆಂಗಾಲೆನ್ಸಿಸ್. ಜಾತಿ ಬದಲಾದರೂ ಲಿನ್ನೇಯಸ್ ನೀಡಿದ ಎರಡನೆಯ ಪದ ಹಾಗೆಯೇ ಇದೆ.

• ಕಮಲ: ಇದನ್ನು ನೈದಿಲೆಗಳ ಜಾತಿಯಲ್ಲಿ ಇರಿಸಲಾಗಿತ್ತು. ಈಗ ನೆಲಂಬೊ ನ್ಯೂಸಿಫೆರಾ ಎಂದು ಪ್ರತ್ಯೇಕಿಸಲಾಗಿದೆ. ನೀರಿನಲ್ಲಿ ಒಟ್ಟಿಗೆ ಬೆಳೆದರೂ ಕಮಲ ಮತ್ತು ನೈದಿಲೆ ಹತ್ತಿರದ ಬಂಧುಗಳಲ್ಲವೆಂದು ಡಿಎನ್‌ಎ ಅಧ್ಯಯನಗಳು ದೃಢಪಡಿಸಿವೆ.

• ಆನೆ: 1758ರಲ್ಲಿ ಏಷ್ಯಾದ ಆನೆಗೆ ಎಲಿಫಸ್ ಮ್ಯಾಕ್ಸಿಮಸ್ ಎಂದು ಹೆಸರಿಡುವಾಗ ಆಧಾರವಾಗಿದ್ದ ಮಾದರಿಗಳಲ್ಲಿ ಮದ್ಯಸಾರದಲ್ಲಿ ಸಂರಕ್ಷಿಸಿದ್ದ ಒಂದು ಭ್ರೂಣವೂ ಇತ್ತು. ಅದು ವಾಸ್ತವವಾಗಿ ಆಫ್ರಿಕಾದ ಆನೆಯದೆಂದು 2013ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಆದ್ದರಿಂದ ಇಟಲಿಯ ಫ್ಲಾರೆನ್ಸ್ ನಗರದಲ್ಲಿರುವ ಏಷ್ಯಾದ ಆನೆಯ ಅಸ್ಥಿಪಂಜರವನ್ನು ಆ ಹೆಸರಿಗೆ ಆಧಾರ ಮಾದರಿಯಾಗಿ ಗೊತ್ತುಪಡಿಸಲಾಯಿತು.

ಕೊನೆಯ ದಿನಗಳು

ರಾಜಮನ್ನಣೆ ಪಡೆದು ಕಾರ್ಲ್ ಫಾನ್ ಲಿನ್ನೇ ಎಂದು ಕರೆಯಲ್ಪಟ್ಟ ಅವರು, 1758ರಲ್ಲಿ ಖರೀದಿಸಿದ ಹಮ್ಮರ್‌ಬಿ ಎಂಬ ಹಳ್ಳಿಯ ತೋಟದ ಮನೆಯಲ್ಲಿ ಬೇಸಿಗೆಗಳನ್ನು ಕಳೆಯುತ್ತಿದ್ದರು. 1774ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದರು. ಕಾಯಿಲೆ ಮರುಕಳಿಸಿ ನೆನಪಿನ ಶಕ್ತಿ ಕುಂದಿತು; ಸಾವಿರಾರು ಜೀವಿಗಳಿಗೆ ಹೆಸರಿಟ್ಟವರಿಗೆ ಹೆಸರುಗಳೇ ನೆನಪಿಗೆ ಬಾರದಾದವು. 1778ರ ಜನವರಿ 10ರಂದು ನಿಧನರಾದ ಅವರನ್ನು ಉಪ್ಸಲಾದ ಪ್ರಧಾನ ಚರ್ಚಿನಲ್ಲಿ ಸಮಾಧಿ ಮಾಡಲಾಯಿತು. ಮಗ ಕಾರ್ಲ್ ಅವರೂ 1783ರಲ್ಲಿ ತೀರಿಕೊಂಡ ಬಳಿಕ, ಸಂಗ್ರಹವನ್ನು ಇಂಗ್ಲೆಂಡಿನ ಜೇಮ್ಸ್ ಎಡ್ವರ್ಡ್ ಸ್ಮಿತ್ ಅವರು 1784ರಲ್ಲಿ ಖರೀದಿಸಿದರು. ಅವರು 1788ರಲ್ಲಿ ಸ್ಥಾಪಿಸಿದ ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಈ ಸಂಗ್ರಹವು ಸುರಕ್ಷಿತವಾಗಿದೆ.

ಮುಂದುವರಿದ ಕಾರ್ಯ

ಹೆಸರಿಡುವ ಕೆಲಸ ಮುಗಿದಿಲ್ಲ. 2011ರಲ್ಲಿ ಪ್ರಕಟವಾದ ಅಂದಾಜೊಂದರ ಪ್ರಕಾರ ಭೂಮಿಯಲ್ಲಿ ಸುಮಾರು 87 ಲಕ್ಷ ಪ್ರಭೇದಗಳಿವೆ. ಅವುಗಳಲ್ಲಿ ಬಹುಪಾಲು ಇನ್ನೂ ಹೆಸರಿಲ್ಲದೆ ಉಳಿದಿವೆ. 2024ರಲ್ಲಿ, ಅದುವರೆಗೆ ಒಂದೇ ಪ್ರಭೇದವೆಂದು ಭಾವಿಸಿದ್ದ ಕಾಳಿಂಗ ಸರ್ಪವನ್ನು ನಾಲ್ಕು ಪ್ರಭೇದಗಳಾಗಿ ವಿಂಗಡಿಸಲಾಯಿತು. ಪಶ್ಚಿಮ ಘಟ್ಟಗಳಲ್ಲಿ ಮಾತ್ರ ಕಂಡುಬರುವ ಪ್ರಭೇದಕ್ಕೆ ಒಫಿಯೊಫಾಗಸ್ ಕಾಳಿಂಗ ಎಂದು ಹೆಸರಿಡಲಾಗಿದೆ. ಲಿನ್ನೇಯಸ್ ಹಾಕಿಕೊಟ್ಟ ಎರಡು ಪದಗಳ ಚೌಕಟ್ಟಿನಲ್ಲಿ ಹೀಗೆ ಕನ್ನಡದ ಪದವೊಂದು ಸ್ಥಾನ ಪಡೆದಿದೆ.

ನಾಗರಿಕರ ಗಮನಕ್ಕೆ

ಜೈವಿಕ ವೈವಿಧ್ಯ ಅಧಿನಿಯಮ, 2002ರ ಅನ್ವಯ ರಚನೆಯಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಸಿದ್ಧಪಡಿಸುವ ದಾಖಲಾತಿಗಳಲ್ಲಿ ಸ್ಥಳೀಯ ಹೆಸರು ಮತ್ತು ವೈಜ್ಞಾನಿಕ ಹೆಸರು ಎರಡಕ್ಕೂ ಸ್ಥಾನವಿದೆ. ಸಸ್ಯ ಅಥವಾ ಪ್ರಾಣಿಯ ಬಗ್ಗೆ ಮಾಹಿತಿ ನೀಡುವವರು ತಮ್ಮ ಊರಿನಲ್ಲಿ ಬಳಕೆಯಲ್ಲಿರುವ ಹೆಸರನ್ನು ಸಂಕೋಚವಿಲ್ಲದೆ ತಿಳಿಸುವುದು ಒಳ್ಳೆಯದು. ವೈಜ್ಞಾನಿಕ ಹೆಸರು ಖಚಿತವಾಗಿ ತಿಳಿದಿಲ್ಲದಿದ್ದಲ್ಲಿ ಊಹಿಸಿ ಬರೆಯುವ ಬದಲು ಎಲೆ, ಹೂವು, ಕಾಯಿಗಳ ಛಾಯಾಚಿತ್ರ ಮತ್ತು ಬೆಳೆಯುವ ಸ್ಥಳದ ವಿವರ ಒದಗಿಸಿದರೆ ಸಸ್ಯವನ್ನು ಸರಿಯಾಗಿ ಗುರುತಿಸಲು ತಜ್ಞರಿಗೆ ನೆರವಾಗುತ್ತದೆ. ಸ್ಥಳೀಯ ಜ್ಞಾನವಿಲ್ಲದೆ ವೈಜ್ಞಾನಿಕ ಹೆಸರು ಪೂರ್ಣವಾಗದು ಎಂಬುದಕ್ಕೆ ಪಶ್ಚಿಮ ಕರಾವಳಿಯ ವೈದ್ಯರ ನೆರವಿನಿಂದ ಮೂಡಿದ ಹಾರ್ಟಸ್ ಮಲಬಾರಿಕಸ್ ಗ್ರಂಥವೇ ಸಾಕ್ಷಿಯಾಗಿದೆ.